ಬರೆದುಕೊಡುವುದು ಯಂತ್ರ, ಕೇಳುವುದು ನಿಮ್ಮನ್ನು

ಬೆಳಗಾವಿಯಲ್ಲಿ ಎಂ.ಕಾಂ. ಓದುತ್ತಿರುವ ಅಥಣಿ ಕಡೆಯ ವಿದ್ಯಾರ್ಥಿನಿಯೊಬ್ಬರ ಪತ್ರದ ಸಾರ: ‘ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾಲ್ವರಿದ್ದೇವೆ. ಚಾಟ್‌ಬಾಟ್ ವಿಷಯದಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಒಬ್ಬಳು ಅಸೈನ್‌ಮೆಂಟನ್ನೆಲ್ಲ ಅದರಿಂದಲೇ ಬರೆಸುತ್ತಾಳೆ. ಇನ್ನೊಬ್ಬಳ ಪ್ರಕಾರ ಅದು ಶುದ್ಧ ನಕಲು. ಮೂರನೆಯವಳು ರಾತ್ರಿ ಅದರೊಂದಿಗೆ ಇಂಗ್ಲಿಷ್ ಮಾತನಾಡಿ ಸಂದರ್ಶನಕ್ಕೆ ತಯಾರಾಗುತ್ತಾಳೆ. ನನಗೆ ಮಾತ್ರ ಏನೂ ತೋಚುತ್ತಿಲ್ಲ. ಕೆಲಸ ಕೊಡುವವರಿಗೆ ನಾವು ಕಲಿತದ್ದು ಬೇಕೋ, ಯಂತ್ರವನ್ನು ಕೇಳಿ ತಿಳಿಯಲು ಬಂದರೆ ಸಾಕೋ? 15 ಸಾವಿರ ರೂಪಾಯಿಯ ಎಐ ಕೋರ್ಸಿಗೆ ಸೇರಲೇ?’

ತಂಗಿ, ಈ ಪತ್ರವನ್ನು ನೀವೇ ಬರೆದಿದ್ದೀರಿ ಎಂಬುದು ಎರಡನೇ ಸಾಲಿಗೇ ಗೊತ್ತಾಯಿತು. ಈಚೆಗೆ ನಮ್ಮ ಮೇಜಿಗೆ ಬರುವ ಎಷ್ಟೋ ಪತ್ರಗಳು ‘ಇಂದಿನ ವೇಗದ ಡಿಜಿಟಲ್ ಯುಗದಲ್ಲಿ’ ಎಂದೇ ಶುರುವಾಗುತ್ತವೆ. ಬರೆದವರು ಯಾರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಮೊದಲ ಗೆಳತಿಯ ವಿಷಯ ಬೇಗ ಮುಗಿಸುತ್ತೇನೆ. ಅಸೈನ್‌ಮೆಂಟಿನ ಅಂಕ ಆಕೆಗೆ ಸಿಗಬಹುದು, ಆದರೆ ಆ ಅಂಕವನ್ನು ನಂಬಿ ಯಾರೂ ಕೆಲಸ ಕೊಡುವುದಿಲ್ಲ. ಎರಡನೆಯವರ ಶಿಸ್ತನ್ನು ಮೆಚ್ಚುತ್ತೇನೆ, ಆದರೂ ಮುಟ್ಟುವುದೇ ಇಲ್ಲ ಎಂಬ ಹಟ ನನಗೆ ಒಪ್ಪಿಗೆಯಿಲ್ಲ. ಚಾಟ್‌ಜಿಪಿಟಿ 2022ರ ನವೆಂಬರ್ 30ರಂದು ಬಂದಾಗ ನೀವೆಲ್ಲ ಪಿಯುಸಿಯಲ್ಲೋ ಬಿ.ಕಾಂ.ನಲ್ಲೋ ಇದ್ದಿರಬೇಕು. ನಿಮ್ಮ ದುಡಿಮೆಯ ಕಾಲವೆಲ್ಲ ಇಂಥ ಯಂತ್ರಗಳ ಪಕ್ಕದಲ್ಲೇ ಕಳೆಯಲಿದೆ.

ನನಗೆ ಹಿಡಿಸಿದವರು ಮೂರನೆಯವರು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದ ಹುಡುಗಿಗೆ ವಿಷಯ ಗೊತ್ತಿರುತ್ತದೆ, ಸಂದರ್ಶನದ ಕೋಣೆಯಲ್ಲಿ ಬಾಯಿ ಮಾತ್ರ ಕಟ್ಟುತ್ತದೆ. ತಪ್ಪು ಇಂಗ್ಲಿಷ್ ಆಡಿದರೆ ನಗದೆ ತಿದ್ದುವವರು, ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಬೇಸರಪಡದವರು ಆಕೆಗೆ ಎಲ್ಲಿ ಸಿಗಬೇಕು? ನಗರದ ಸ್ಥಿತಿವಂತರ ಮಕ್ಕಳಿಗೆ ಮನೆಯಲ್ಲೇ ಸಿಗುತ್ತಿದ್ದ ಈ ಅನುಕೂಲ ಈಗ ಹಾಸ್ಟೆಲಿನ ಮಂಚದ ಮೇಲೂ ಸಿಗುತ್ತಿದೆ. ಅವರಿಗೆ ಒಂದು ಮಾತು ತಿಳಿಸಿ: ಉತ್ತರ ಹೇಳಿಕೊಡು ಎಂದು ಕೇಳಬಾರದು, ನನ್ನನ್ನು ಪ್ರಶ್ನೆ ಕೇಳು, ನನ್ನ ಉತ್ತರ ಎಲ್ಲಿ ಜಾಳಾಗಿದೆ ಹೇಳು ಎನ್ನಬೇಕು. ಬಾಯಿಪಾಠ ಮಾಡಿದ ಉತ್ತರ ಎರಡನೇ ಪ್ರಶ್ನೆಗೇ ಕೈಕೊಡುತ್ತದೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನೀವು ಲೆಕ್ಕಪತ್ರದ ಕೆಲಸಕ್ಕೆ ಸೇರಿದ್ದೀರಿ ಎಂದುಕೊಳ್ಳಿ. ಮಾಲೀಕರು ಕಂಪನಿಯ ಹೆಸರಿನಲ್ಲಿ ಏಳು ಆಸನಗಳ ಕಾರು ಕೊಂಡಿದ್ದಾರೆ. ಕಟ್ಟಿದ ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು, ಪಡೆಯಬಹುದೇ ಎಂದು ನೀವು ಚಾಟ್‌ಬಾಟನ್ನು ಕೇಳುತ್ತೀರಿ. ‘ವ್ಯವಹಾರಕ್ಕೆ ಬಳಸುವುದಾದರೆ ಧಾರಾಳವಾಗಿ ಪಡೆಯಬಹುದು’ ಎಂದು ಅದು ಹೇಳಿತು ಅನ್ನಿ. ಓದಲು ಸೊಗಸಾಗಿದೆ. ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ, ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನಕ್ಕೆ ಈ ಕ್ರೆಡಿಟ್ ಇಲ್ಲ. ವಾಹನ ಮಾರಾಟ, ಪ್ರಯಾಣಿಕರ ಸಾಗಣೆ, ಚಾಲನಾ ತರಬೇತಿ, ಇಂಥ ಕೆಲವು ವ್ಯವಹಾರಗಳಿಗಷ್ಟೇ ವಿನಾಯಿತಿ. ತಪ್ಪಾಗಿ ಪಡೆದು ಬಳಸಿದ ಕ್ರೆಡಿಟನ್ನು ವರ್ಷಕ್ಕೆ ಶೇ. 18ರ ಬಡ್ಡಿ ಸೇರಿಸಿ ವಾಪಸು ಕಟ್ಟಬೇಕಾಗುತ್ತದೆ. ಆಗ ಮಾಲೀಕರು ಕರೆದು ಕೇಳುವುದು ನಿಮ್ಮನ್ನೇ, ಯಂತ್ರವನ್ನಲ್ಲ.

ಯಂತ್ರ ಸರಿಯಾಗಿಯೇ ಉತ್ತರಿಸಿದರೂ ಅದರ ಧಾಟಿ ಬದಲಾಗುವುದಿಲ್ಲ; ಸರಿಯನ್ನೂ ತಪ್ಪನ್ನೂ ಅದು ಒಂದೇ ಠೀವಿಯಿಂದ ಹೇಳುತ್ತದೆ. ಕೋಟಿಗಟ್ಟಲೆ ಪುಟಗಳಿಂದ ಕಲಿತು, ಮುಂದಿನ ಪದ ಯಾವುದಿರಬಹುದು ಎಂದು ಅಂದಾಜಿಸುತ್ತ ವಾಕ್ಯ ಕಟ್ಟುವುದು ಅದರ ಕಸುಬು. ಕಲಿಕೆ ಮುಗಿದ ಮೇಲೆ ಲೋಕ ಬದಲಾದರೆ ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹುಪಾಲು ಸರಕುಗಳು ಜಿಎಸ್‌ಟಿಯ ಶೇ. 5 ಮತ್ತು 18ರ ಹಂತಕ್ಕೆ ಬಂದಿವೆ. ಅದಕ್ಕೂ ಮೊದಲು ಕಲಿತು, ಅಂತರ್ಜಾಲದಲ್ಲಿ ಹುಡುಕದೆ ಉತ್ತರಿಸುವ ಯಂತ್ರ ಇನ್ನೂ ಹಳೆಯ ಶೇ. 12ರ ದರವನ್ನೇ ಹೇಳಬಹುದು.

ಸರಿಯೋ ತಪ್ಪೋ ಎಂದು ಅದನ್ನೇ ಕೇಳಿದರಾಯಿತಲ್ಲ ಎನ್ನಬೇಡಿ. 2023ರಲ್ಲಿ ನ್ಯೂಯಾರ್ಕಿನ ವಕೀಲರೊಬ್ಬರು ಹಾಗೆಯೇ ಮಾಡಿದರು. ಚಾಟ್‌ಜಿಪಿಟಿ ಕೊಟ್ಟ ತೀರ್ಪು ನಿಜವಾದದ್ದೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದರು, ಅದು ಹೌದು ಎಂದಿತು. ಆದರೆ ನ್ಯಾಯಾಲಯದ ಮುಂದೆ ಅವರು ಉಲ್ಲೇಖಿಸಿದ್ದ ಅಂಥ ತೀರ್ಪೇ ಇರಲಿಲ್ಲ. ನ್ಯಾಯಾಲಯ ಅವರಿಗೂ ಅವರ ಸಹೋದ್ಯೋಗಿಗೂ ಸಂಸ್ಥೆಗೂ ಸೇರಿಸಿ 5,000 ಡಾಲರ್ ದಂಡ ಹಾಕಿತು.

ಹಾಗಾಗಿ ಕಲಿತದ್ದು ಬೇಕೋ, ಯಂತ್ರ ಸಾಕೋ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು: ಕರಡನ್ನು ಯಂತ್ರವೂ ಬರೆಯುವ ಕಾಲದಲ್ಲಿ ಸಂಬಳ ಸಿಗುವುದು ಅದರಲ್ಲಿ ತಪ್ಪು ಹಿಡಿಯುವವರಿಗೆ. ತಪ್ಪು ಹಿಡಿಯುವ ಕಣ್ಣು ಬರಬೇಕಾದರೆ ಆ ಕೆಲಸವನ್ನು ಮೊದಲು ಸ್ವಂತ ಕೈಯಿಂದ ಮಾಡಿರಬೇಕು. ನಿಮ್ಮ ಮೊದಲ ಗೆಳತಿ ಕಳೆದುಕೊಳ್ಳುತ್ತಿರುವುದು ಇದನ್ನೇ.

ನಮ್ಮೂರಿನ ಮಟ್ಟಿಗೆ ಇನ್ನೊಂದು ಮಾತು. ಇಲ್ಲಿನ ಕಚೇರಿಗಳಲ್ಲಿ ಕೊಲ್ಹಾಪುರದ ವರ್ತಕ ಮರಾಠಿಯಲ್ಲಿ ಬಾಕಿ ಕೊಡದೆ ಸತಾಯಿಸುತ್ತಾನೆ, ಗೋಕಾಕಿನ ಲಾರಿಯವನು ಕನ್ನಡದಲ್ಲಿ ಬಾಡಿಗೆಗೆ ಜಗಳ ತೆಗೆಯುತ್ತಾನೆ, ಬ್ಯಾಂಕಿನವರು ಹಿಂದಿಯಲ್ಲಿ ಕಾಗದ ಕೇಳುತ್ತಾರೆ. ಮೂವರನ್ನೂ ಒಂದೇ ಬೆಳಗಿನಲ್ಲಿ ನಿಭಾಯಿಸಬಲ್ಲ ಹುಡುಗಿಯನ್ನು ಯಾವ ಮಾಲೀಕನೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅಥಣಿ ಗಡಿಯ ಊರು. ಮರಾಠಿ ನಿಮ್ಮ ಕಿವಿಗೆ ಹೊಸದಲ್ಲ ಎಂದುಕೊಳ್ಳುತ್ತೇನೆ. ಅರ್ಜಿಯಲ್ಲಿ ಅದನ್ನು ಮರೆಯದೆ ಬರೆಯಿರಿ.

ಕೊನೆಗೆ ಆ ಕೋರ್ಸು. ಪ್ರಶ್ನೆ ಕೇಳುವುದನ್ನು ಕಲಿಸಲು 15 ಸಾವಿರ ಪಡೆಯುವವರಿಗೆ ದೂರದಿಂದಲೇ ಒಂದು ನಮಸ್ಕಾರ. ಉಚಿತವಾಗಿ ಸಿಗುವ ಚಾಟ್‌ಬಾಟ್‌ಗಳೇ ನಿಮ್ಮ ಅಭ್ಯಾಸಕ್ಕೆ ಸಾಕು. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ಟ್ಯಾಲಿ ಮತ್ತು ಎಕ್ಸೆಲ್ ಚೆನ್ನಾಗಿ ಕಲಿಯಿರಿ. ಜೊತೆಗೆ ಪರಿಚಯದ ತೆರಿಗೆ ಸಲಹೆಗಾರರ ಕಚೇರಿಗೆ ಹೋಗಿ ಕೆಲಸ ಕೇಳಿ. ತಿಂಗಳಿಗೊಮ್ಮೆ ಜಿಎಸ್‌ಟಿಆರ್-3ಬಿ ಎಂಬ ತೆರಿಗೆ ವಿವರಪತ್ರ ಸಲ್ಲಿಸುವವರಿಗೆ 20ನೇ ತಾರೀಖು ಕೊನೆಯ ದಿನ. 17, 18ರ ಹೊತ್ತಿಗೆ ಅಲ್ಲಿ ಬಿಲ್ಲುಗಳ ರಾಶಿ ಬಿದ್ದಿರುತ್ತದೆ, ಕೈ ಸಾಲದೆ ಎಲ್ಲರೂ ಸಿಡಿಮಿಡಿಗೊಂಡಿರುತ್ತಾರೆ. ಆ ದಿನಗಳಲ್ಲಿ ಹೋದರೆ ಇಲ್ಲ ಎನ್ನುವವರು ಕಡಿಮೆ.