ಭಾರಲೋಹದಿಂದ ಮೀನಿನ ಜಠರ, ಕರುಳು, ಲಿವರ್‌ಗೆ ಏನಾಗುತ್ತದೆ ಅಂತ ಪ್ರಾಜೆಕ್ಟ್ ಮಾಡಬೇಕು: ಸೀಸ ತಗೊಳ್ಳಲಾ, ಕ್ಯಾಡ್ಮಿಯಂ ತಗೊಳ್ಳಲಾ?

ಲೋಹ ಯಾವುದು ಅನ್ನೋದು ಆಮೇಲೆ. ಭೀಮಾ ನದಿಯ ರೋಹು ಮೀನು ಮಾರ್ಕೆಟ್‌ನಲ್ಲಿ ಕೊಂಡು ಸ್ಲೈಡ್ (ಮೈಕ್ರೋಸ್ಕೋಪಿನಲ್ಲಿ ನೋಡೋ ಅಂಗದ ತೆಳು ಪದರ) ಮಾಡ್ತೀನಿ ಅಂತ ಬರೆದಿದ್ದೀರಲ್ಲ, ಮೊದಲು ಅದನ್ನು ಬಿಡಿ. ಕಲಬುರಗಿಯಲ್ಲಿ ಎಂಎಸ್ಸಿ ಮಾಡುವಾಗ ನಾನೂ ಇದೇ ಪ್ಲಾನ್ ಹಾಕಿದ್ದೆ. ಪ್ರಾಜೆಕ್ಟ್ ಪೂರ್ತಿ ಮಣ್ಣುಪಾಲಾಯ್ತು.

ಅಫಜಲಪುರದ ಕಡೆ, ಸೊನ್ನ ಬ್ಯಾರೇಜ್ ಹತ್ತಿರ ಬಲೆ ಹಾಕುವವರಿಂದ ರೋಹು ಕೊಂಡೆ. ಥರ್ಮಾಕೋಲ್ ಡಬ್ಬಿ, ಮೇಲಷ್ಟು ಐಸ್, ಬಸ್ಸು. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಲ್ಯಾಬ್ ಮುಟ್ಟುವಷ್ಟರಲ್ಲಿ ಐಸ್ ನೀರಾಗಿತ್ತು. ಆದರೂ ಕಿವಿರು ಕೆಂಪಗಿತ್ತು, ಕಣ್ಣು ಹೊಳೆಯುತ್ತಿತ್ತು. ತಾಜಾ ಇದೆ ಅಂದುಕೊಂಡು ಕೊಯ್ದೆ. ಸಾರಿಗಾದರೆ ತಾಜಾನೇ. ಸ್ಲೈಡಿಗಲ್ಲ.

ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ಕರುಳಿನೊಳಗೆ ಪ್ರೋಟೀನ್ ಕರಗಿಸುವ ಕಿಣ್ವಗಳಿರುತ್ತವೆ. ಮೀನು ಬದುಕಿರುವಾಗ ಕರುಳಿನ ಗೋಡೆಯನ್ನು ಲೋಳೆ ಕಾಯುತ್ತದೆ. ಸತ್ತ ಮೇಲೆ ಆ ಕಾವಲು ಹೋಯ್ತು. ಕಿಣ್ವಗಳು ಕರುಳನ್ನೇ ಜೀರ್ಣ ಮಾಡಲು ಶುರು ಮಾಡುತ್ತವೆ, ಅದೂ ನಿಮಿಷಗಳ ಲೆಕ್ಕದಲ್ಲಿ. ವಿಲ್ಲೈ, ಅಂದ್ರೆ ಕರುಳಿನ ಒಳಗೋಡೆಯ ಬೆರಳಿನಂಥ ಮಡಿಕೆಗಳು; ಅವುಗಳ ತುದಿಯ ಪದರ ಕಳಚಿ ಕರುಳಿನ ನಡುವೆ ಚೂರುಚೂರಾಗಿ ಬಿದ್ದಿರುತ್ತದೆ. ಲಿವರ್ ಕಥೆಯೂ ಅಷ್ಟೇ. ರೋಹುವಿನಲ್ಲಿ ಮೇದೋಜೀರಕ ಬೇರೆ ಗ್ರಂಥಿಯಾಗಿರದೆ ಲಿವರ್ ಒಳಗೇ ಹರಡಿಕೊಂಡಿರುತ್ತದೆ, ಹಾಗಾಗಿ ಅಲ್ಲೂ ಕಿಣ್ವ ಇದೆ. ಇದು ಸಾಲದು ಅಂತ ಉಳಿದ ಮೀನನ್ನು ನಾನು ಫ್ರೀಜರ್‌ಗೆ ತುರುಕಿದ್ದೆ. ಹಿಮದ ಹರಳು ಜೀವಕೋಶ ಹರಿದು ತೂತು ಬಿಡುತ್ತದೆ. ಆ ತೂತನ್ನೆಲ್ಲ ನಾನು 'ಲೋಹದಿಂದಾದ ಹಾನಿ' ಅಂತ ಬಾಣ ಹಾಕಿ ತೋರಿಸಿದ್ದೆ!

ವೈವಾಗೆ ಬಂದ ಹಿರಿಯರು ಒಂದು ಸ್ಲೈಡ್ ನೋಡಿ ಕೇಳಿದ್ದು ಇಷ್ಟೇ: "ತಮ್ಮಾ, ಇದು ಕೆಟ್ಟಿದ್ದು ನದ್ಯಾಗೋ, ಬಸ್ಸಿನ್ಯಾಗೋ?"

ವ್ಯತ್ಯಾಸ ಹಿಡಿಯೋದು ಹೇಗೆ ಅಂತ ಆಮೇಲೆ ಕಲಿತೆ. ಬದುಕಿರುವ ಕರುಳು ಲೋಹಕ್ಕೆ ಎದುರಾಡುತ್ತದೆ. ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಜಾಸ್ತಿ ಆಗಬಹುದು, ಬಿಳಿ ರಕ್ತಕಣಗಳು ಬಂದು ಸೇರಬಹುದು, ವಿಲ್ಲೈ ಒಂದಕ್ಕೊಂದು ಅಂಟಿಕೊಳ್ಳಬಹುದು. ಲಿವರ್ ಮೆಟಲೋಥಿಯೋನಿನ್ ಅನ್ನೋ ಪ್ರೋಟೀನ್ ತಯಾರಿಸಿ ಕ್ಯಾಡ್ಮಿಯಂ, ತಾಮ್ರವನ್ನು ಹಿಡಿದಿಡುತ್ತದೆ. ಅದರ ಕೈ ಮೀರಿದಾಗ ಕೋಶ ಸಾಯುತ್ತದೆ. ಸತ್ತ ಮೇಲೆ ಆಗುವ ಹಾನಿಯಲ್ಲಿ ಈ ಎದುರಾಟ ಇಲ್ಲ, ಬರೀ ಕರಗುವಿಕೆ.

ಇನ್ನೊಂದು, ನೀವು 'ಜಠರ' ಅಂತ ಬರೆದಿದ್ದೀರಿ. ರೋಹು, ಕಾಟ್ಲಾ, ಮೃಗಾಲ್‌ಗೆ ಜಠರವೇ ಇಲ್ಲ ಸ್ವಾಮಿ. ಅನ್ನನಾಳ ಮುಗಿದರೆ ಕರುಳಿನ ಉಬ್ಬಿದ ಭಾಗ, ಅಷ್ಟೇ. ಜಠರ ಬೇಕೇ ಬೇಕು ಅಂದ್ರೆ ಮುರೆಲ್ (ಹಾವಿನ ತಲೆಯಂಥ ತಲೆಯ ಮೀನು) ತಗೊಳ್ಳಿ.

ನಾನಾಗಿದ್ರೆ ಮೀನುಮರಿ ಕೇಂದ್ರದಿಂದ ಜೀವಂತ ಮರಿ ತಂದು, ಟ್ಯಾಂಕಿನಲ್ಲಿ ಒಗ್ಗಿಸಿ, ಲೋಹ ಹಾಕದ ಟ್ಯಾಂಕ್ ಒಂದನ್ನು ಪಕ್ಕದಲ್ಲೇ ಇಟ್ಟು ಶುರು ಮಾಡ್ತಿದ್ದೆ. ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲೇ ತಗೊಳ್ಳಿ. ನೀರಿನ ಗಡಸುತನ ಅಳೆಯೋದು ಮರೀಬೇಡಿ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು, ಬೋರ್ ನೀರು ತುಂಬ ಗಡಸು. ನೀರಿನ ಕ್ಯಾಲ್ಸಿಯಂ ಕಿವಿರಿನಲ್ಲಿ ಕ್ಯಾಡ್ಮಿಯಂಗೆ ಅಡ್ಡ ನಿಲ್ಲುತ್ತದೆ, ಅದಕ್ಕೇ ಬೇರೆ ಊರಿನವರ ಡೋಸ್ ಇಲ್ಲಿ ನಾಟದೇ ಇರಬಹುದು. ಮೀನು ಕೊಂದ ಕೂಡಲೇ ಕರುಳು ಸೀಳಿ, 5 ಮಿಲಿಮೀಟರ್‌ಗಿಂತ ದಪ್ಪ ಇರದ ಚೂರು ಮಾಡಿ, ಅದರ ಗಾತ್ರದ ಕನಿಷ್ಠ 10 ಪಟ್ಟು ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ (ಅಂಗ ಕೆಡದಂತೆ ಹಿಡಿದಿಡೋ ದ್ರಾವಣ) ಹಾಕಿ. ಫಾರ್ಮಲಿನ್ ಬಾಟಲಿ ಮೊದಲು, ಕತ್ತರಿ ಆಮೇಲೆ.

ಲೋಹ ಕೇಳಿದ್ರಲ್ಲ, ಕ್ಯಾಡ್ಮಿಯಂ. ಸೀಸ ಮೂಳೆ, ಹುರುಪೆ ಕಡೆಗೇ ಜಾಸ್ತಿ ಹೋಗುತ್ತದೆ. ಟ್ಯಾಂಕಿನ ನೀರನ್ನು ಮಾತ್ರ ಸಿಂಕಿಗೆ ಚೆಲ್ಲಬೇಡಿ.

ಇದೆಲ್ಲ ಆಗಲ್ಲ, ಮಾರ್ಕೆಟ್ ಮೀನೇ ಗತಿ ಅಂದ್ರೆ ಸ್ಲೈಡ್ ಆಸೆ ಬಿಡಿ. ಲಿವರ್, ಕರುಳು, ಮಾಂಸ ಬೇರೆ ಬೇರೆ ತೆಗೆದು ಲೋಹ ಎಷ್ಟಿದೆ ಅಂತ ಅಳೆಸಿ. ಆ ಕೆಲಸಕ್ಕೆ ಫ್ರೀಜರ್ ಮೀನೂ ನಡೆಯುತ್ತದೆ, ಅಂಗ ಕೊಳೆಯೋ ಮೊದಲು ಬೇರ್ಪಡಿಸಿದರೆ ಸಾಕು.