ಓದುಗರ ಪ್ರಶ್ನೆ, ನಮ್ಮ ಉತ್ತರ: ಕನ್ಸೋಲ್ ಪೈಪೋಟಿ ನಿಂತ್ರೆ ನಷ್ಟ ಯಾರಿಗೆ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ವಿಡಿಯೋ ಗೇಮ್ ಬಗ್ಗೇನೇ ಇವೆ. ಎಲ್ಲದಕ್ಕೂ ಉತ್ತರ ಕೊಡೋಕೆ ಜಾಗ ಇಲ್ಲ, ಆಯ್ದ ಕೆಲವು ಇಲ್ಲಿವೆ. ಹೊಸಬರಿಗೆ ಒಂದು ಮಾತು: ಕನ್ಸೋಲ್ ಅಂದ್ರೆ ಟಿವಿಗೆ ಹಾಕಿ ಗೇಮ್ ಆಡೋ ಪೆಟ್ಟಿಗೆ, ಸೋನಿಯದು ಪ್ಲೇಸ್ಟೇಷನ್ (ಪಿಎಸ್), ಮೈಕ್ರೋಸಾಫ್ಟ್‌ದು ಎಕ್ಸ್‌ಬಾಕ್ಸ್.

ಹ್ಯಾಲೋ ಗೇಮ್ ಪ್ಲೇಸ್ಟೇಷನ್‌ಗೆ ಬರುತ್ತೆ ಅಂತ ಸುದ್ದಿ ಓದಿ ತಲೆ ಕೆಟ್ಟೋಯ್ತು ಸರ್. ನನ್ನ ಹತ್ರ ಇರೋದು ಎಕ್ಸ್‌ಬಾಕ್ಸ್ ಸೀರೀಸ್ ಎಸ್, ಫ್ರೆಂಡ್ಸೆಲ್ಲ ಗೇಲಿ ಮಾಡ್ತಾ ಇದಾರೆ. ಎಕ್ಸ್‌ಬಾಕ್ಸ್ ಸೋತೋಯ್ತಾ? ಕನ್ಸೋಲ್ ವಾರ್ ಮುಗೀತು ಅಂತಾನಾ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ

ನಿಮ್ಮ ಬೇಜಾರು ಅರ್ಥ ಆಗುತ್ತೆ. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಬಂದಾಗ ಅದರ ಜೊತೆಗೇ ಬಂದ ಗೇಮ್ ಹ್ಯಾಲೋ, ಜನ ಆ ಪೆಟ್ಟಿಗೆ ತಗೊಂಡಿದ್ದೇ ಅದಕ್ಕೋಸ್ಕರ. ಅಂಥದ್ದನ್ನೇ ಪಿಎಸ್ 5ಗೂ ಕೊಡ್ತೀವಿ ಅಂತ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನವರೇ ಹೇಳಿದ್ರು. ಅದಕ್ಕೂ ಮುಂಚೆ ಅವರದೇ ಗೇಮ್‌ಗಳಾದ ಸೀ ಆಫ್ ಥೀವ್ಸ್ ಹೋಯ್ತು, ಫೋರ್ಜಾ ಹೊರೈಜನ್ 5 ಹೋಯ್ತು. ಪೆಟ್ಟಿಗೆ ಮಾರೋ ರೇಸ್‌ನಲ್ಲಿ ಸೋನಿ ತುಂಬಾ ಮುಂದೆ ಇದೆ, ಅದರಲ್ಲಿ ಅನುಮಾನ ಬೇಡ. ಆದ್ರೆ ಇದನ್ನ ನೋಡಿ ಪ್ಲೇಸ್ಟೇಷನ್ ಇರೋ ನಿಮ್ಮ ಫ್ರೆಂಡ್ಸ್ ಖುಷಿ ಪಡ್ತಿದಾರಲ್ಲ, ಅದು ಮಾತ್ರ ನನಗೆ ಸರಿ ಅನ್ಸಲ್ಲ, ಯಾಕಂದ್ರೆ ಅವರಿಗೆ ಇವತ್ತು ಸಿಗ್ತಿರೋ ಎಷ್ಟೋ ಅನುಕೂಲ ಎದುರಾಳಿ ಗಟ್ಟಿಯಾಗಿದ್ದಾಗ ಆ ಭಯಕ್ಕೆ ಸಿಕ್ಕಿದ್ದು.

2013ನೇ ಇಸವಿ ನೋಡಿ. ಎಕ್ಸ್‌ಬಾಕ್ಸ್ ಒನ್ ಬರೋ ಟೈಮು. ಮೈಕ್ರೋಸಾಫ್ಟ್ ಏನ್ ರೂಲ್ ಹಾಕ್ತು ಅಂದ್ರೆ 24 ಗಂಟೆಗೊಮ್ಮೆ ಕನ್ಸೋಲ್ ಇಂಟರ್ನೆಟ್‌ಗೆ ಕನೆಕ್ಟ್ ಆಗಲೇಬೇಕು, ಇಲ್ಲಾಂದ್ರೆ ಗೇಮ್ ಓಡಲ್ಲ, ಮತ್ತೆ ಡಿಸ್ಕ್ ನೀವೇ ದುಡ್ಡು ಕೊಟ್ಟು ತಗೊಂಡಿದ್ರೂ ಅದನ್ನ ಫ್ರೆಂಡ್‌ಗೆ ಕೊಡೋಕೆ, ಮಾರೋಕೆ ಸಾವಿರ ಷರತ್ತು. ಅವತ್ತಿನ ನಮ್ಮೂರುಗಳ ಇಂಟರ್ನೆಟ್ ನೆನಪು ಮಾಡ್ಕೊಳ್ಳಿ ಸಾಕು, ಇದು ಎಂಥಾ ರೂಲು ಅಂತ ಗೊತ್ತಾಗುತ್ತೆ. ಜೂನ್ 10ಕ್ಕೆ ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳದಲ್ಲಿ ಸೋನಿಯ ಜ್ಯಾಕ್ ಟ್ರೆಟನ್ ಸ್ಟೇಜ್ ಮೇಲೆ ಬಂದು, ಪಿಎಸ್ 4ರಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್‌ಗೆ ಯಾವ ನಿರ್ಬಂಧನೂ ಇಲ್ಲ ಅಂದಾಗ ಹಾಲ್‌ನಲ್ಲಿದ್ದವರು ಎದ್ದು ನಿಂತು ಕೂಗಾಡಿದ್ರು. ರೇಟು 399 ಡಾಲರ್ ಅಂದ್ರು, ಎಕ್ಸ್‌ಬಾಕ್ಸ್ ಒನ್ ರೇಟು 499. ಅದೇ ಹೊತ್ತಿಗೆ ಸೋನಿಯವರು ಒಂದು ಚಿಕ್ಕ ವಿಡಿಯೋನೂ ಬಿಟ್ರು, ಗೇಮ್ ಶೇರ್ ಮಾಡೋದು ಹೇಗೆ ಅಂತ. ಅದರಲ್ಲಿ ಇರೋದು ಇಷ್ಟೇ, ಸೋನಿ ಅಧಿಕಾರಿ ಶುಹೇ ಯೋಶಿದಾ ಒಂದು ಡಿಸ್ಕ್ ಡಬ್ಬಿ ಕೈಯಲ್ಲಿ ಹಿಡ್ಕೊಂಡು ನಿಂತಿರ್ತಾರೆ, ಪಕ್ಕದಲ್ಲಿರೋ ಸಹೋದ್ಯೋಗಿ ಆಡಮ್ ಬಾಯ್ಸ್ ಕೈಗೆ ಕೊಡ್ತಾರೆ, ಅವರು ಥ್ಯಾಂಕ್ಸ್ ಅಂತಾರೆ. ಮುಗೀತು. ಹತ್ತು ದಿನ ಕೂಡ ಆಗಿಲ್ಲ, ಜೂನ್ 19ಕ್ಕೆ ಮೈಕ್ರೋಸಾಫ್ಟ್ ಆ ರೂಲ್‌ಗಳನ್ನೆಲ್ಲ ವಾಪಸ್ ತಗೊಳ್ತು. ಯಾವ ಕೋರ್ಟೂ ಹೇಳಿಲ್ಲ, ಯಾವ ಸರ್ಕಾರನೂ ಹೇಳಿಲ್ಲ. ಪಕ್ಕದ ಅಂಗಡಿಯವನು ಒಳ್ಳೆ ಮಾಲು ಕಡಿಮೆ ರೇಟಿಗೆ ಇಟ್ಟಿದ್ದ, ಅಷ್ಟೇ.

ಹಂಗಂತ ಸೋನಿ ಬಹಳ ಒಳ್ಳೆಯವರು ಅಂತಲೂ ಅಲ್ಲ. ಪಿಎಸ್ 2 ಗೆದ್ದ ಜೋಶ್‌ನಲ್ಲಿ 2006ರಲ್ಲಿ ಪಿಎಸ್ 3ರ ದೊಡ್ಡ ಮಾಡೆಲ್‌ಗೆ 599 ಡಾಲರ್ ಇಟ್ರು, ಎಕ್ಸ್‌ಬಾಕ್ಸ್ 360 ಎದುರಿಗೆ ವರ್ಷಗಟ್ಟಲೆ ಒದ್ದಾಡಿದ್ರು, ಆ ಒದ್ದಾಟದಿಂದ ಕಲಿತಿದ್ದಕ್ಕೇ ಪಿಎಸ್ 4 ಅಷ್ಟು ಚೆನ್ನಾಗಿ ಬಂತು. ಮತ್ತೆ ಪಿಎಸ್ 4 ಗೆದ್ದ ಮೇಲೆ ಏನಾಯ್ತು? ಫೋರ್ಟ್‌ನೈಟ್ ಗೇಮ್‌ನಲ್ಲಿ ಬೇರೆ ಕನ್ಸೋಲ್‌ನವರ ಜೊತೆ ಆಡೋಕೆ ಬಿಡಿ ಅಂತ ಜನ ಬೇಡ್ಕೊಂಡ್ರೂ ಬಿಡಲಿಲ್ಲ, 2018ರ ಸೆಪ್ಟೆಂಬರ್‌ನಲ್ಲಿ ಗಲಾಟೆ ಜೋರಾದ ಮೇಲೇ ಒಪ್ಕೊಂಡಿದ್ದು. ಯಾರು ಮುಂದೆ ಇರ್ತಾರೋ ಅವರಿಗೆ ನಮ್ಮ ಮಾತು ಕೇಳ್ಸೋದು ಕಡಿಮೆ.

ಈಗಿನ ರೇಟು ನೋಡಿದ್ರೂ ಅದೇ. ಮೊದಲೆಲ್ಲ ಕನ್ಸೋಲ್ ಹಳೇದಾದಂತೆ ಅಗ್ಗ ಆಗ್ತಿತ್ತು. ಪಿಎಸ್ 2 ಅಮೆರಿಕದಲ್ಲಿ 299 ಡಾಲರ್‌ಗೆ ಶುರುವಾಗಿ 2009ರ ಹೊತ್ತಿಗೆ 99ಕ್ಕೆ ಬಂದಿತ್ತು. ಪಿಎಸ್ 5 ಅದೇ ಅಮೆರಿಕದಲ್ಲಿ 499ಕ್ಕೆ ಶುರುವಾಗಿ 2025ರ ಆಗಸ್ಟ್‌ನಲ್ಲಿ 549ಕ್ಕೆ ಏರಿತು, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅಂತೂ 2025ರಲ್ಲೇ ಎರಡು ಸಲ ಏರಿ 649 ಆಯ್ತು. ಇದಕ್ಕೆ ಚಿಪ್ ರೇಟು, ಅಮೆರಿಕದ ಟ್ಯಾರಿಫ್ ಎಲ್ಲ ಕಾರಣ ಇದೆ, ಒಪ್ತೀನಿ. ಆದ್ರೆ ಇಬ್ಬರೂ ಜಿದ್ದಿಗೆ ಬಿದ್ದಿದ್ರೆ ಒಬ್ಬರಾದ್ರೂ ಸ್ವಲ್ಪ ನಷ್ಟ ತಡ್ಕೊಂಡು ರೇಟು ಹಿಡಿದು ನಿಲ್ಲಿಸ್ತಿದ್ರು ಅಂತ ನನ್ನ ನಂಬಿಕೆ. ಅದಕ್ಕೇ ಮೈಕ್ರೋಸಾಫ್ಟ್ ಮತ್ತೆ ಗಟ್ಟಿಯಾಗಿ ಬರ್ಲಿ ಅನ್ನೋದು ನನ್ನ ಆಸೆ, ನಾನು ಪ್ಲೇಸ್ಟೇಷನ್‌ನಲ್ಲಿ ಆಡೋನಾದ್ರೂ. ನಿಮ್ಮ ಸೀರೀಸ್ ಎಸ್ ಎಲ್ಲೂ ಹೋಗಲ್ಲ, ಆರಾಮಾಗಿ ಆಡಿ.

ಸರ, ನಾವ್ ಸಣ್ಣವ್ರಿದ್ದಾಗ ಟಿವಿಗೆ ಹಚ್ಚೂ ಕ್ಯಾಸೆಟ್ ಗೇಮ್ ಇರ್ತಿತ್ತು, ಮಾರಿಯೋ, ಕಾಂಟ್ರಾ ಆಡಿ ಆಡಿ ಅವ್ವನ ಕಡೆ ಬೈಸ್ಕೋತಿದ್ವಿ. ಅದನ್ನ ಮಾಡಿದ ಕಂಪನಿ ಈಗೂ ಐತೇನು? ಸೋನಿಗೂ ಅವ್ರಿಗೂ ಏನ್ ಜಗಳ ಇತ್ತಂತ ಮಗ ಹೇಳ್ತಾನ, ಖರೇ ಏನ್ರಿ?
— ಓದುಗರು, ಹುಬ್ಬಳ್ಳಿ

ನಮ್ಮ ಮನೆಗಳಿಗೆ ಬಂದಿದ್ದು ಬಹುಪಾಲು ನಕಲು ರೀ, ಅಸಲಿ ಅಂದ್ರೆ ಜಪಾನಿನ ನಿಂಟೆಂಡೋ 1983ರಲ್ಲಿ ತಂದ ಫ್ಯಾಮಿಕಾಮ್. ಕಂಪನಿ ಐತಿ, ಭರ್ಜರಿ ಐತಿ, ಅವರ ಸ್ವಿಚ್ ಕನ್ಸೋಲ್ 15 ಕೋಟಿಗೂ ಮೇಲೆ ಮಾರಾಟ ಆಗಿದೆ, ಸ್ವಿಚ್ 2 ಬಂದ ನಾಲ್ಕೇ ದಿನದಲ್ಲಿ 35 ಲಕ್ಷ ಹೋಯ್ತು. ಅದೆಲ್ಲ ಇದ್ರೂ ನಮ್ಮ ದೇಶದಲ್ಲಿ ವರ್ಷಗಟ್ಟಲೆಯಿಂದ ಅವರ ಅಧಿಕೃತ ಮಾರಾಟ ಅಂತ ಇಲ್ಲ, ಅಂಗಡಿಯಲ್ಲಿ ಕಾಣೋದು ದುಬೈ, ಸಿಂಗಾಪುರದ ಕಡೆಯಿಂದ ತಂದ ಮಾಲು, ರಿಪೇರಿ ಬಂದ್ರೆ ವಾರಂಟಿ ಕೇಳೋಕೆ ಯಾರೂ ಇರಲ್ಲ. ಮಾರಿಯೋ ನೋಡಿ ಬೆಳೆದ ಇಷ್ಟು ದೊಡ್ಡ ಜನಸಂಖ್ಯೆನ ಅವರು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ ಅನ್ನೋದು ನನಗೆ ನಿಜವಾಗ್ಲೂ ನೋವಿನ ವಿಷಯ.

ನಿಮ್ಮ ಮಗ ಹೇಳಿದ್ದು ಖರೇನೇ. ಸೋನಿಯ ಕೆನ್ ಕುತರಾಗಿ ಅನ್ನೋ ಇಂಜಿನಿಯರ್ ನಿಂಟೆಂಡೋದ ಮುಂದಿನ ಕನ್ಸೋಲ್ ಸೂಪರ್ ಫ್ಯಾಮಿಕಾಮ್‌ಗೆ ಸೌಂಡ್ ಚಿಪ್ ಮಾಡಿಕೊಟ್ಟಿದ್ರು, ಆ ಸ್ನೇಹ ಮುಂದುವರಿದು ಇಬ್ಬರೂ ಸೇರಿ ಸಿಡಿ ಹಾಕೋ ಮಷೀನು ಮಾಡೋ ಮಾತಾಗಿತ್ತು. 1991ರ ಜೂನ್‌ನಲ್ಲಿ ಶಿಕಾಗೋದ ಮೇಳದಲ್ಲಿ ಸೋನಿ ಇದನ್ನ ಘೋಷಣೆ ಮಾಡ್ತು. ಮರುದಿನ ಅದೇ ಮೇಳದಲ್ಲಿ ನಿಂಟೆಂಡೋ ನಾವು ಫಿಲಿಪ್ಸ್ ಜೊತೆ ಹೋಗ್ತೀವಿ ಅಂದುಬಿಡ್ತು. ತುಂಬಿದ ಸಭೆಯಲ್ಲಿ ಆದ ಅವಮಾನ ಅದು. ಕುತರಾಗಿ ಸುಮ್ಮನೆ ಕೂರಲಿಲ್ಲ, ಸೋನಿಯೊಳಗೇ ಬೇಡ ಅಂದೋರ ಜೊತೆ ಗುದ್ದಾಡಿ 1994ರ ಡಿಸೆಂಬರ್ 3ಕ್ಕೆ ಜಪಾನಿನಲ್ಲಿ ಪ್ಲೇಸ್ಟೇಷನ್ ತಂದೇ ತಂದ್ರು. ಆ ಒಂದು ಜಗಳ ಆಗದಿದ್ರೆ ಇವತ್ತಿನ ಪ್ಲೇಸ್ಟೇಷನ್ ಇರ್ತಿತ್ತೋ ಇಲ್ವೋ.

ಒಂಬತ್ತನೇ ಕ್ಲಾಸಿನ ಮಗ ಪಿಎಸ್ 5 ಬೇಕು ಅಂತ ಹಟ ಹಿಡಿದಿದ್ದಾನೆ. ಸರ್ಕಾರ ಆನ್‌ಲೈನ್ ಗೇಮ್ ಬ್ಯಾನ್ ಮಾಡಿದೆ ಅಂತ ಟಿವಿಯಲ್ಲಿ ಬಂತಲ್ಲ, ತಗೊಂಡ್ಮೇಲೆ ಅದೂ ಬಂದ್ ಆದ್ರೆ? ಅಷ್ಟು ದುಡ್ಡು ಹಾಕ್ಬಹುದಾ?
— ಗೃಹಿಣಿ, ಮೈಸೂರು

ಮೇಡಂ, 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ನಿಲ್ಲಿಸಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ, ಆನ್‌ಲೈನ್ ರಮ್ಮಿ ಥರದ್ದು. ಇ-ಸ್ಪೋರ್ಟ್ಸ್‌ಗೆ, ಅಂದ್ರೆ ವಿಡಿಯೋ ಗೇಮ್ ಪಂದ್ಯಗಳಿಗೆ, ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಗೇಮ್‌ಗಳಿಗೂ ಆ ಬ್ಯಾನ್‌ಗೂ ಸಂಬಂಧ ಇಲ್ಲ, ಆ ಭಯ ಬಿಡಿ.

ತಗೊಳ್ಳೋದಾದ್ರೆ ಡಿಸ್ಕ್ ಹಾಕೋ ಮಾಡೆಲ್ಲೇ ತಗೊಳ್ಳಿ, ಡಿಜಿಟಲ್ ಅಂತ ಕೆಲವು ಸಾವಿರ ಕಡಿಮೆಗೆ ಸಿಗೋದು ಬೇಡ, ಅದರಲ್ಲಿ ಗೇಮ್ ಡೌನ್‌ಲೋಡ್ ಮಾತ್ರ. ಹೊಸ ದೊಡ್ಡ ಗೇಮ್ ಒಂದಕ್ಕೆ ಸುಮಾರು 5 ಸಾವಿರ ರೂಪಾಯಿ. ಡಿಸ್ಕ್ ಆದ್ರೆ ಆಡಿ ಮುಗಿಸಿ ಮಾರಬಹುದು, ಎಕ್ಸ್‌ಚೇಂಜ್ ಮಾಡಬಹುದು, ಸೆಕೆಂಡ್ ಹ್ಯಾಂಡ್ ತಗೋಬಹುದು, ಫ್ರೆಂಡ್ಸ್ ನಾಲ್ಕು ಜನ ಸೇರಿ ಒಂದೊಂದು ತಗೊಂಡು ಸುತ್ತಿಸಬಹುದು. ಡಿಜಿಟಲ್‌ನಲ್ಲಿ ಕೊಟ್ಟ ದುಡ್ಡು ಅಲ್ಲಿಗೇ ಹೋಯ್ತು. ಕನ್ಸೋಲ್ ಮಗನ ರೂಮಲ್ಲಿ ಬೇಡ, ಹಾಲ್‌ನ ಟಿವಿಗೇ ಹಾಕಿ. ಅವನಿಗೆ ಮಕ್ಕಳ ಅಕೌಂಟ್ ಮಾಡಿಕೊಟ್ರೆ ದಿನಕ್ಕೆ ಎಷ್ಟೊತ್ತು, ಯಾವ ವಯಸ್ಸಿನ ಗೇಮು, ಎಷ್ಟು ಖರ್ಚು ಅಂತ ನೀವೇ ನಿಮ್ಮ ಮೊಬೈಲ್‌ನಿಂದ ಸೆಟ್ ಮಾಡಬಹುದು. ಡಬ್ಬಿ ಮೇಲೆ 18 ಅಂತ ಇದ್ರೆ ಅದು ಸುಮ್ಮನೆ ಹಾಕಿರೋದಲ್ಲ, ಅಂಗಡಿಯಲ್ಲೇ ನೋಡಿ. ಮೊದಲು ಆಸ್ಟ್ರೋ ಬಾಟ್ ಕೊಡಿಸಿ, 2024ರ ಗೇಮ್ ಆಫ್ ದಿ ಇಯರ್ ಅದು, ನೀವೂ ಪಕ್ಕದಲ್ಲಿ ಕೂತು ಒಬ್ಬರಾದ ಮೇಲೆ ಒಬ್ಬರು ಆಡಬಹುದು.

ಸೆಕೆಂಡ್ ಹ್ಯಾಂಡ್ ಡಿಸ್ಕ್ ವ್ಯಾಪಾರ ಮಾಡ್ತೀನಿ. ಇನ್ಮೇಲೆ ಎಲ್ಲ ಡೌನ್‌ಲೋಡೇ ಅಂತೆ. ನಮ್ಮ ಹೊಟ್ಟೆಪಾಡು ಏನ್ ಸರ್?
— ಅಂಗಡಿ ಮಾಲೀಕರು, ದಾವಣಗೆರೆ

ಸುಳ್ಳು ಧೈರ್ಯ ಹೇಳಲ್ಲ, ಗಾಳಿ ಆ ಕಡೆಗೇ ಬೀಸ್ತಿದೆ. ಸ್ವಿಚ್ 2ರಲ್ಲಿ ಕೆಲವು ಕಾರ್ಟ್ರಿಡ್ಜ್ ಒಳಗೆ ಗೇಮೇ ಇರಲ್ಲ, ಡೌನ್‌ಲೋಡ್ ಮಾಡೋಕೆ ಕೀ ಮಾತ್ರ ಇರುತ್ತೆ. ಆದ್ರೆ ಜನ ಸುಮ್ಮನಿಲ್ಲ. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ದಿ ಕ್ರ್ಯೂ ಗೇಮ್‌ನ ಸರ್ವರ್ ಆಫ್ ಮಾಡ್ತು, ದುಡ್ಡು ಕೊಟ್ಟು ತಗೊಂಡವರಿಗೂ ಗೇಮ್ ಓಪನ್ ಆಗದ ಹಾಗಾಯ್ತು. ಆ ಸಿಟ್ಟಿಗೆ ಯುರೋಪಿನಲ್ಲಿ ಶುರುವಾದ ಸಹಿ ಅಭಿಯಾನ 2025ರ ಜುಲೈನಲ್ಲಿ 10 ಲಕ್ಷ ದಾಟಿತು. ಮಾರಿದ ಗೇಮ್‌ನ ಆಡೋಕೆ ಬರೋ ಹಾಗೆ ಬಿಟ್ಟುಹೋಗಿ ಅನ್ನೋದು ಅವರ ಬೇಡಿಕೆ, ಅದು ಗೆಲ್ಲಬೇಕು ಅಂತ ಮನಸಾರೆ ಬಯಸ್ತೀನಿ. ನಿಮ್ಮ ಅಂಗಡಿಗೆ ಪಿಎಸ್ 4, ಪಿಎಸ್ 5 ಡಿಸ್ಕ್ ಇನ್ನೂ ಕೆಲವು ವರ್ಷ ಓಡುತ್ತೆ, ಜೊತೆಗೆ ಕಂಟ್ರೋಲರ್ ರಿಪೇರಿ ಶುರು ಮಾಡಿ. ಸ್ಟಿಕ್ ಡ್ರಿಫ್ಟ್ ಆದ, ಅಂದ್ರೆ ಮುಟ್ಟದಿದ್ರೂ ಸ್ಟಿಕ್ ತಾನಾಗೇ ಸರಿಯೋ, ಕಂಟ್ರೋಲರ್ ಹಿಡ್ಕೊಂಡು ಜನ ರಿಪೇರಿಯವರನ್ನ ಹುಡುಕ್ತಾನೇ ಇರ್ತಾರೆ.

ಗೇಮ್ ಡಿಸೈನರ್ ಆಗಬೇಕು ಅಂತ ಆಸೆ. ಆದ್ರೆ ಎಲ್ಲಿ ನೋಡಿದ್ರೂ ಲೇಆಫ್. ಅಪ್ಪ ಬೇಡ ಅಂತಿದಾರೆ. ಏನ್ ಮಾಡ್ಲಿ?
— ಬಿಸಿಎ ವಿದ್ಯಾರ್ಥಿನಿ, ಮಂಗಳೂರು

ಅಪ್ಪನ ಭಯಕ್ಕೆ ಕಾರಣ ಇದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಗೇಮಿಂಗ್‌ನಲ್ಲಿ 1,900 ಜನ, ಮುಂದಿನ ತಿಂಗಳೇ ಸೋನಿಯಲ್ಲಿ 900 ಜನ ಕೆಲಸ ಕಳ್ಕೊಂಡ್ರು. ಹೈ-ಫೈ ರಶ್ ಅಂತ ಎಲ್ಲರೂ ಹೊಗಳಿದ ಗೇಮ್ ಮಾಡಿದ ಟ್ಯಾಂಗೋ ಸ್ಟುಡಿಯೋನೇ ಮೈಕ್ರೋಸಾಫ್ಟ್‌ನವರು ಮುಚ್ಚಿದ್ರು, ಆಮೇಲೆ ಕೊರಿಯಾದ ಕ್ರಾಫ್ಟನ್ ಕಂಪನಿ ತಗೊಂಡು ಉಳಿಸ್ತು. ಸೋನಿಯ ಕಾಂಕಾರ್ಡ್ ವರ್ಷಗಟ್ಟಲೆ ಮಾಡಿದ ಗೇಮು, ಎರಡೇ ವಾರಕ್ಕೆ ಬಾಗಿಲು ಹಾಕ್ತು, ಮಾಡಿದ ಸ್ಟುಡಿಯೋನೂ ಹೋಯ್ತು. ರೋಗ ಇರೋದು ಖರ್ಚಿನಲ್ಲಿ. 2023ರಲ್ಲಿ ಅಮೆರಿಕದ ಕೋರ್ಟ್‌ಗೆ ಸೋನಿ ಕೊಟ್ಟ ಕಾಗದದಲ್ಲಿ ಅಂಕಿ ಕಾಣಬಾರದು ಅಂತ ಕಪ್ಪು ಮಾರ್ಕರ್‌ನಲ್ಲಿ ಗೀಚಿದ್ರು, ಸ್ಕ್ಯಾನ್ ಆದಾಗ ಗೀಚಿದ್ದರ ಕೆಳಗಿರೋದು ಓದೋಕೆ ಬಂತು: ದಿ ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್. ಒಂದು ಗೇಮ್‌ಗೆ ಇಷ್ಟು ಸುರಿದ್ರೆ ಒಂದು ಸೋಲಿಗೇ ನೂರಾರು ಜನ ಬೀದಿಗೆ ಬೀಳ್ತಾರೆ. ವೀ ಯು ಕನ್ಸೋಲ್ ಸೋತಾಗ 2014ರಲ್ಲಿ ನಿಂಟೆಂಡೋದ ಅಧ್ಯಕ್ಷ ಸತೋರು ಇವಾಟಾ ಐದು ತಿಂಗಳು ತಮ್ಮ ಸಂಬಳ ಅರ್ಧಕ್ಕೆ ಇಳಿಸ್ಕೊಂಡಿದ್ರು. ಕೆಲಸ ಹೋಗುತ್ತೆ ಅನ್ನೋ ಭಯದಲ್ಲಿರೋರು ಮನಸ್ಸು ಮುಟ್ಟೋ ಗೇಮ್ ಮಾಡೋಕಾಗಲ್ಲ ಅನ್ನೋದು ಅವರ ಮಾತಾಗಿತ್ತು. ಈಗಿನ ದೊಡ್ಡವರು ಇದನ್ನ ಓದಬೇಕು.

ಆದ್ರೆ ಭರವಸೆ ಕೂಡ ಈ ಖರ್ಚಿನ ಲೆಕ್ಕದಲ್ಲೇ ಇದೆ ನೋಡಮ್ಮ. ಬಲಾಟ್ರೋ ಅನ್ನೋ ಗೇಮ್ ಕೆನಡಾದ ಒಬ್ಬನೇ ಮಾಡಿದ್ದು. ಸಿಲ್ಕ್‌ಸಾಂಗ್ ಮಾಡಿದ್ದು ಆಸ್ಟ್ರೇಲಿಯಾದ ಅಡಿಲೇಡ್‌ನ ಬೆರಳೆಣಿಕೆ ಜನ, 20 ಡಾಲರ್‌ಗೆ ಬಿಟ್ರು, ಬಿಟ್ಟ ದಿನ ಕೊಳ್ಳೋರ ನೂಕುನುಗ್ಗಲಿಗೆ ಗೇಮ್ ಮಾರೋ ಸ್ಟೀಮ್ ಆನ್‌ಲೈನ್ ಅಂಗಡಿನೇ ಸ್ವಲ್ಪ ಹೊತ್ತು ಕೂತುಬಿಡ್ತು. ಫ್ರಾನ್ಸ್‌ನ ಮೊಂಪೆಲಿಯೇಯಲ್ಲಿ ಸುಮಾರು 30 ಜನರ ತಂಡ ಹೊರಗಿನವರ ಸಹಾಯ ತಗೊಂಡು ಎಕ್ಸ್‌ಪೆಡಿಷನ್ 33 ಮಾಡಿ, 2025ರ ಗೇಮ್ ಆಫ್ ದಿ ಇಯರ್ ತಗೊಂಡೋಯ್ತು. ನಮ್ಮಲ್ಲೂ ಪುಣೆಯ ನಾಡಿಂಗ್ ಹೆಡ್ಸ್‌ನ ರಾಜಿ ಅನ್ನೋ ಗೇಮ್ 2020ರಲ್ಲೇ ಸ್ವಿಚ್‌ಗೆ ಹೋಗಿತ್ತು. ಬೆಂಗಳೂರಲ್ಲಿ ರಾಜೇಶ್ ರಾವ್ 1997ರಲ್ಲಿ ಶುರು ಮಾಡಿದ ಧ್ರುವ ಇಂಟರಾಕ್ಟಿವ್ ಗೇಮ್ ಕಂಪನಿನ 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್ ತಗೊಳ್ತು. ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್‌ಗೆ ಅಂತಾನೇ 2012ರಲ್ಲಿ ನೀತಿ ತಂತು, ದೇಶದಲ್ಲೇ ಮೊದಲು.

ನೀವು ಬಿಸಿಎ ಬಿಡಬೇಡಿ. ಗೇಮ್ ಮಾಡೋ ಸಾಫ್ಟ್‌ವೇರ್ ಗೋಡೋ (Godot) ಎಂಜಿನ್ ಫ್ರೀ, ಸಾಧಾರಣ ಲ್ಯಾಪ್‌ಟಾಪಲ್ಲೂ ಓಡುತ್ತೆ. ಹತ್ತು ನಿಮಿಷ ಆಡೋ ಅಷ್ಟು ಚಿಕ್ಕ ಗೇಮ್ ಒಂದು ಪೂರ್ತಿ ಮುಗಿಸಿ, ಇಚ್.ಐಓ (itch.io) ಸೈಟ್‌ಗೆ ಹಾಕಿ. ಕಂಬಳನೋ, ಭೂತಕೋಲದ ರಾತ್ರಿನೋ, ನೀವು ಕಣ್ಣಾರೆ ಕಂಡಿದ್ದನ್ನೇ ಮಾಡಿ, ಮೆನು ಕನ್ನಡದಲ್ಲೋ ತುಳುವಿನಲ್ಲೋ ಇರ್ಲಿ. ಕೆಲಸ ಕೇಳೋಕೆ ಹೋದಾಗ ಸರ್ಟಿಫಿಕೇಟ್‌ಗಿಂತ ಅದನ್ನೇ ಮೊದಲು ನೋಡ್ತಾರೆ. ಮಾಡಿ ಮುಗಿಸಿದ್ರೆ ನಮಗೆ ಬರೀರಿ, ಈ ಪುಟದಲ್ಲೇ ಅದರ ಬಗ್ಗೆ ಬರೀತೀವಿ.

ಜಿಟಿಎ 6 ನಿಜವಾಗ್ಲೂ ಬರುತ್ತಾ? ಅದಕ್ಕೋಸ್ಕರ ಪಿಸಿ ಕಟ್ಟಿಸ್ಬೇಕಾ, ಕನ್ಸೋಲ್ ತಗೋಬೇಕಾ?
— ಡೆಲಿವರಿ ಕೆಲಸದ ಯುವಕ, ಬೆಂಗಳೂರು

ಐದನೇದು ಬಂದಿದ್ದು 2013ರ ಸೆಪ್ಟೆಂಬರ್‌ನಲ್ಲಿ, ಕಾದು ಕಾದು ಸಾಕಾಗಿದೆ ಗೊತ್ತು. ಮೊದಲು 2025 ಅಂದ್ರು, ಆಮೇಲೆ 2026ರ ಮೇ ಅಂದ್ರು, ಅದನ್ನೂ ಮುಂದೂಡಿ ನವೆಂಬರ್ 19 ಅಂದಿದಾರೆ. ತಡ ಆದ್ರೂ ಸರಿಯಾಗಿ ಬರ್ಲಿ, ಸೈಬರ್‌ಪಂಕ್ 2077ನ 2020ರಲ್ಲಿ ಅರೆಬೆಂದ ಸ್ಥಿತಿಯಲ್ಲಿ ಬಿಟ್ಟು, ಸೋನಿ ತನ್ನ ಸ್ಟೋರ್‌ನಿಂದಲೇ ತೆಗೆದುಹಾಕಿದ್ದು ನೆನಪಿದೆಯಲ್ಲ. ಘೋಷಣೆ ಆಗಿರೋದು ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗೆ ಮಾತ್ರ, ಪಿಸಿಗೆ ತಾರೀಖು ಕೊಟ್ಟಿಲ್ಲ. ಹಾಗಾಗಿ ಇದೊಂದಕ್ಕೇ ಪಿಸಿ ಕಟ್ಟಿಸ್ಬೇಡಿ, ಕನ್ಸೋಲ್ ಕೂಡ ಈಗಲೇ ಸಾಲ ಮಾಡಿ ತಗೋಬೇಡಿ. ಗೇಮ್ ಕೈಗೆ ಬರೋ ಹೊತ್ತಿಗೆ ಹಬ್ಬದ ಆಫರ್ ನೋಡ್ಕೊಂಡು ತಗೊಳ್ಳಿ.