ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಮದರ್‌ಬೋರ್ಡನ್ನೇ ಬದಲಿಸಬೇಕೇ?

ಉಡುಪಿಯಲ್ಲಿದ್ದೀರಿ, ಚಾರ್ಜರ್ ಸರಿಯಾಗಿ 19 ವೋಲ್ಟ್ ಕೊಡುತ್ತಿದೆ, ಆದರೂ ಲೈಟ್ ಬರುತ್ತಿಲ್ಲ ಎಂದಿದ್ದೀರಿ. ಬೋರ್ಡ್ ಬದಲಿಸಲು ಅವಸರ ಬೇಡ. ಕರಾವಳಿಯ ತೇವ, ಉಪ್ಪುಗಾಳಿಗೆ ಬೋರ್ಡ್ ಮೇಲೆ ಹಸಿರು-ಬಿಳಿ ಕಿಲುಬು ಹಿಡಿಯುತ್ತದೆ; ಎಷ್ಟೋ ಸಲ ಕೆಟ್ಟಿರುವುದು ಒಂದೇ ಒಂದು ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಬಿಡಿಭಾಗ).

ಮೊದಲು ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಕಿಲುಬನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಅಕ್ಕಿ ಡಬ್ಬದಲ್ಲಿಟ್ಟರೆ ಕಿಲುಬು ಹೋಗುವುದಿಲ್ಲ.

ನಂತರ ಇನ್‌ಪುಟ್ ಮಾಸ್ಫೆಟ್ (ಚಾರ್ಜರ್‌ನಿಂದ ಬರುವ ಕರೆಂಟನ್ನು ಒಳಬಿಡುವ ಸ್ವಿಚ್‌ನಂಥ ಭಾಗ) ದಾಟಿದ ಮೇಲಿನ ಮುಖ್ಯ ಲೈನ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ಸ್ (ವಿದ್ಯುತ್ ತಡೆ) ಅಳೆಯಿರಿ. ಒಂದೆರಡು ಓಮ್ ಮಾತ್ರ ತೋರಿಸಿದರೆ ಶಾರ್ಟ್ ಇದೆ, ಅಂದರೆ ಕರೆಂಟ್ ನೇರ ಗ್ರೌಂಡಿಗೆ ಹರಿಯುತ್ತಿದೆ. ಪ್ರೊಸೆಸರ್‌ಗೆ ಕರೆಂಟ್ ಕೊಡುವ ಕಾಯಿಲ್ (ತಂತಿ ಸುರುಳಿ) ಬಳಿ ಇಷ್ಟು ಕಡಿಮೆ ಬರುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ.

ಶಾರ್ಟ್ ಹುಡುಕಲು ಬೆಂಚ್ ಪವರ್ ಸಪ್ಲೈಯಿಂದ (ವೋಲ್ಟ್, ಕರೆಂಟ್ ಬೇಕಾದಷ್ಟಕ್ಕೆ ಹೊಂದಿಸಬಹುದಾದ ಉಪಕರಣ) ಆ ಲೈನಿಗೆ 1 ವೋಲ್ಟ್ ಕೊಡಿ. ಕರೆಂಟ್ ಮಿತಿ 1 ಆಂಪಿಯರ್‌ನಿಂದ ಶುರುವಾಗಲಿ. ಬೋರ್ಡ್ ಮೇಲೆ ಆಲ್ಕೋಹಾಲ್ ಸವರಿದ್ದರೆ, ಕೆಟ್ಟ ಭಾಗ ಬಿಸಿಯಾಗಿ ಅಲ್ಲಿ ಮೊದಲು ಆರುತ್ತದೆ. ಆದರೆ ಇದಕ್ಕೂ ಮುಂಚೆ ಪ್ರೊಸೆಸರ್ ಲೈನಿನ ಹೈ-ಸೈಡ್ ಮಾಸ್ಫೆಟ್‌ನ (ಮುಖ್ಯ ಲೈನಿಗೂ ಪ್ರೊಸೆಸರ್ ಲೈನಿಗೂ ನಡುವಿನ ಸ್ವಿಚ್) ಡ್ರೈನ್, ಸೋರ್ಸ್ ಎಂಬ ಎರಡು ಕಾಲುಗಳ ನಡುವೆ ಶಾರ್ಟ್ ಆಗಿಲ್ಲವೆಂದು ದಯವಿಟ್ಟು ಖಚಿತಪಡಿಸಿಕೊಳ್ಳಿ. ಆಗಿದ್ದರೆ ನೀವು ಕೊಡುವ ಕರೆಂಟ್ ನೇರ ಪ್ರೊಸೆಸರ್‌ಗೇ ಹೋಗುತ್ತದೆ.

ಬಿಸಿಯಾದ ಕೆಪಾಸಿಟರನ್ನು ಹಾಟ್ ಏರ್‌ನಿಂದ (ಬೆಸುಗೆ ಕರಗಿಸುವ ಬಿಸಿಗಾಳಿ ಉಪಕರಣ) ತೆಗೆದು ಮತ್ತೆ ಅಳೆಯಿರಿ. ಶಾರ್ಟ್ ಹೋಗಿದ್ದರೆ ಅದೇ ಮೌಲ್ಯದ, ಕನಿಷ್ಠ 25 ವೋಲ್ಟ್‌ನದನ್ನು ಹಾಕಿ.